ಮೊದಲು ಕಾವು, ಆಮೇಲೆ ಹಾಲು: ತಾಯಿಯಿಲ್ಲದ ಬೆಕ್ಕಿನ ಮರಿಗಳನ್ನು ಸಾಕುವ ಬಗೆ

ಕಣ್ಣು ಬಿಡದ ಬೆಕ್ಕಿನ ಮರಿ ಕೈಗೆ ಸಿಕ್ಕಿದಾಗ ಹೆಚ್ಚಿನವರು ಮೊದಲು ಮಾಡುವ ಕೆಲಸ ಒಂದೇ. ಅಡುಗೆಮನೆಗೆ ಓಡಿ ಹಾಲು ತರುತ್ತಾರೆ. ನಾನೂ ಹಾಗೇ ಮಾಡಿದ್ದೆ. ನನ್ನ ಕೈಗೆ ಬಂದ ಮೊದಲ ಮರಿಯ ಮೈ ತಣ್ಣಗಿತ್ತು. ಬಾಯಿಯೊಳಗೆ ಕಿರುಬೆರಳು ಇಟ್ಟರೆ ಅಲ್ಲೂ ತಣ್ಣಗಿತ್ತು. ಪಾಪ, ಹಸಿದಿದೆ ಎಂದುಕೊಂಡು ಹನಿ ಹನಿಯಾಗಿ ಹಾಲು ಹಾಕಿದೆ. ಕುಡಿಯಿತು ಕೂಡ. ಬೆಳಗಾಗುವ ಹೊತ್ತಿಗೆ ಉಸಿರು ನಿಂತಿತ್ತು. ತಣ್ಣಗಾದ ಮರಿಯ ಕರುಳು ಕೆಲಸ ಮಾಡುವುದಿಲ್ಲ, ಕುಡಿದ ಹಾಲು ಅರಗದೆ ಒಳಗೇ ಕೆಡುತ್ತದೆ ಎಂದು ಆಮೇಲೆ ಪಶುವೈದ್ಯರು ಬಿಡಿಸಿ ಹೇಳಿದರು. ಅದು ನನಗೆ ಒಂದು ದಿನ ಮೊದಲೇ ಗೊತ್ತಿದ್ದರೆ ಎಂದು ಇವತ್ತಿಗೂ ಅನಿಸುತ್ತದೆ. ನಿಮಗೆ ಮೊದಲೇ ಗೊತ್ತಿರಲಿ ಎಂದು ಇಷ್ಟುದ್ದ ಬರೆಯುತ್ತಿದ್ದೇನೆ.

ಎತ್ತಿಕೊಳ್ಳುವ ಮುಂಚೆ ಸ್ವಲ್ಪ ನೋಡಿ

ಮರಿಗಳು ಒಂಟಿಯಾಗಿ ಕಂಡ ಮಾತ್ರಕ್ಕೆ ತಾಯಿ ಬಿಟ್ಟುಹೋಗಿದೆ ಎಂದಲ್ಲ. ಅದೂ ತನ್ನ ಹೊಟ್ಟೆಪಾಡು ನೋಡಿಕೊಳ್ಳಬೇಕಲ್ವಾ? ಒಮ್ಮೊಮ್ಮೆ ಗಂಟೆಗಟ್ಟಲೆ ಹೊರಗಿರುತ್ತದೆ. ಇಲ್ಲವೇ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಬೇರೆ ಜಾಗಕ್ಕೆ ಸಾಗಿಸುತ್ತಿರುತ್ತದೆ. ಆ ನಡುವೆ ನಾವು ಹೋಗಿ ಉಳಿದ ಮರಿಯನ್ನು ಎತ್ತಿಕೊಂಡು ಬಂದುಬಿಡುತ್ತೇವೆ.

ಮರಿಗಳನ್ನು ನೋಡಿದರೇ ಅರ್ಧ ಗೊತ್ತಾಗುತ್ತದೆ. ಮೈ ಬೆಚ್ಚಗಿದ್ದು, ಹೊಟ್ಟೆ ದುಂಡಗಿದ್ದು, ಒಂದರ ಮೇಲೊಂದು ಬಿದ್ದು ನಿದ್ದೆ ಮಾಡುತ್ತಿದ್ದರೆ ತಾಯಿ ಹತ್ತಿರದಲ್ಲೇ ಎಲ್ಲೋ ಇದೆ. ಮೈ ಕೊಳೆಯಾಗಿ, ಹೊಟ್ಟೆ ಬೆನ್ನಿಗೆ ಅಂಟಿ, ಬಿಡದೆ ಕೂಗುತ್ತಿದ್ದರೆ ತಾಯಿ ಬಂದು ಬಹಳ ಹೊತ್ತಾಗಿದೆ. ಅನುಮಾನವಿದ್ದರೆ ಗೂಡಿನ ಸುತ್ತ ತೆಳ್ಳಗೆ ಹಿಟ್ಟು ಉದುರಿಸಿ, ಕಣ್ಣಿಗೆ ಬೀಳದಷ್ಟು ದೂರ ಹೋಗಿ. ಎರಡು ಮೂರು ಗಂಟೆ ಬಿಟ್ಟು ಹೆಜ್ಜೆ ಗುರುತು ಇದೆಯಾ ನೋಡಿ. ಮನುಷ್ಯರ ಕೈ ತಾಗಿದರೆ ತಾಯಿ ಮರಿಯನ್ನು ಸೇರಿಸುವುದಿಲ್ಲ ಎನ್ನುತ್ತಾರೆ. ಸಾಮಾನ್ಯವಾಗಿ ಹಾಗೇನೂ ಆಗುವುದಿಲ್ಲ.

ಆದರೆ ಮರಿಯ ಮೈ ತಣ್ಣಗಿದ್ದರೆ, ಗಾಯವಾಗಿದ್ದರೆ, ಮಳೆಯಲ್ಲೋ ನಾಯಿಗಳ ದಾರಿಯಲ್ಲೋ ಇದ್ದರೆ ಕಾಯಬೇಡಿ. ಎತ್ತಿಕೊಳ್ಳಿ. ಮನೆಗೆ ತಂದ ಮೇಲೂ, ಹಾಲುಣಿಸುತ್ತಿರುವ ಬೇರೆ ತಾಯಿ ಬೆಕ್ಕು ಎಲ್ಲಾದರೂ ಇದೆಯಾ ಎಂದು ಪರಿಚಯದ ಪಶುವೈದ್ಯರನ್ನು ಕೇಳಿ. ಹಾಲಿರುವ ತಾಯಿ ಬೆಕ್ಕು ಬೇರೆಯ ಮರಿಯನ್ನೂ ಸೇರಿಸಿಕೊಳ್ಳುವುದುಂಟು. ನಾವು ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಬೆಕ್ಕಿನ ಹಾಲಿಗೆ ಸಮ ಇಲ್ಲ.

ವಯಸ್ಸು ಎಷ್ಟು?

ಎಷ್ಟು ಹೊತ್ತಿಗೊಮ್ಮೆ ಹಾಲು, ಎಷ್ಟು ಕಾವು, ಎಲ್ಲವೂ ವಯಸ್ಸಿನ ಮೇಲೆ ನಿಂತಿದೆ. ಹೊಕ್ಕುಳಬಳ್ಳಿಯ ತುಂಡು ಒಣಗಿ ಅಂಟಿಕೊಂಡಿದ್ದರೆ ಹುಟ್ಟಿ ನಾಲ್ಕೈದು ದಿನದೊಳಗಿನ ಮರಿ. ಅದನ್ನು ಎಳೆಯಬೇಡಿ, ತಾನೇ ಬೀಳುತ್ತದೆ. ಕಣ್ಣು ಬಿಡುವುದು 7ರಿಂದ 14 ದಿನದ ನಡುವೆ, ಅದೂ ಮೂಗಿನ ಕಡೆಯ ಮೂಲೆಯಿಂದ ನಿಧಾನವಾಗಿ. ಬೆರಳಿಂದ ಬಿಡಿಸಲು ಹೋಗಬೇಡಿ. ಎರಡರಿಂದ ಮೂರು ವಾರದ ಹೊತ್ತಿಗೆ ತಲೆಗೆ ಅಂಟಿದ್ದ ಕಿವಿ ಎದ್ದು ನಿಲ್ಲುತ್ತದೆ, ಮರಿ ತೂರಾಡುತ್ತಾ ನಡೆಯಲು ನೋಡುತ್ತದೆ. ಮೂರನೇ ವಾರದಲ್ಲಿ ಮುಂದಿನ ಪುಟ್ಟ ಹಲ್ಲುಗಳು ವಸಡಿನಲ್ಲಿ ಬೆರಳಿಗೆ ತಾಗುತ್ತವೆ. ನಾಲ್ಕನೇ ವಾರಕ್ಕೆ ಕೋರೆಹಲ್ಲು. ಕಣ್ಣಿನ ಬಣ್ಣ ನೋಡಿ ಏನೂ ಹೇಳಲಾಗದು, ಮೊದಮೊದಲು ಎಲ್ಲ ಮರಿಗಳ ಕಣ್ಣೂ ನೀಲಿಯೇ.

ಹುಟ್ಟಿದಾಗ ತೂಕ ಸುಮಾರು 100 ಗ್ರಾಂ. ಅಂದರೆ ಅಂಗೈಯಲ್ಲಿ ಇದೆಯೋ ಇಲ್ಲವೋ ಅನ್ನುವಷ್ಟು.

ಕಾವು ಕೊಡುವುದು

ಮೊದಲ ವಾರದ ಮರಿಗೆ ನಡುಗಲೂ ಬರುವುದಿಲ್ಲ. ನಮಗೆ ಚಳಿಯಾದರೆ ಮೈ ನಡುಗಿ ಬಿಸಿ ಹುಟ್ಟುತ್ತದೆ. ಇದಕ್ಕೆ ಆ ದಾರಿಯೇ ಇಲ್ಲ. ತಾಯಿಯ ಹೊಟ್ಟೆ, ಒಡಹುಟ್ಟಿದ ಮರಿಗಳ ಮೈ, ಇವೇ ಅದರ ಒಲೆ. ಅವೆರಡೂ ಇಲ್ಲವೆಂದಾಗ ಆ ಕೆಲಸ ನಿಮ್ಮದು.

ಮರಿ ತಣ್ಣಗಿದ್ದರೆ ಬಟ್ಟೆಯೊಳಗೆ ನಿಮ್ಮ ಎದೆಗೆ ಒತ್ತಿ ಇಟ್ಟುಕೊಳ್ಳಿ. ಮೈಗೆ ಮೈ ತಾಗಬೇಕು. ಅದಕ್ಕಿಂತ ಸುಲಭದ, ಸುರಕ್ಷಿತವಾದ ಕಾವು ಇನ್ನೊಂದಿಲ್ಲ. ಒಂದೆರಡು ಗಂಟೆ ಹಿಡಿಯುತ್ತದೆ, ಹಿಡಿಯಲಿ. ಬೇಗ ಆಗಲಿ ಎಂದು ಬಿಸಿನೀರಿನಲ್ಲಿ ಅದ್ದುವುದು, ಹೇರ್ ಡ್ರೈಯರ್ ಹಿಡಿಯುವುದು, ಹೀಟರ್ ಮುಂದೆ ಇಡುವುದು ಬೇಡವೇ ಬೇಡ. ಒಮ್ಮೆಗೇ ಬಿಸಿಯಾದರೆ ತಣ್ಣಗಿದ್ದ ಮೈ ತಡೆಯುವುದಿಲ್ಲ. ನಡುನಡುವೆ ಮಗ್ಗುಲು ಬದಲಿಸುತ್ತಿರಿ.

ಡಿಜಿಟಲ್ ಥರ್ಮಾಮೀಟರ್ ಇದ್ದರೆ ತುದಿಗೆ ಸ್ವಲ್ಪ ವ್ಯಾಸಲಿನ್ ಹಚ್ಚಿ ಗುದದಲ್ಲಿ ತುಸುವೇ ಒಳಗಿಟ್ಟು ನೋಡಬಹುದು. ಮೊದಲ ವಾರ 35ರಿಂದ 37 ಡಿಗ್ರಿ ಸೆಲ್ಸಿಯಸ್ ಇದ್ದರೆ ಸರಿ. ನಾಲ್ಕು ವಾರದ ಹೊತ್ತಿಗೆ 38ರ ಮೇಲೆ ಬರುತ್ತದೆ. 35ಕ್ಕಿಂತ ಕೆಳಗಿದ್ದರೆ ಹಾಲು ಕೊಡಬೇಡಿ. ಥರ್ಮಾಮೀಟರ್ ಇಲ್ಲವೇ? ಕಿರುಬೆರಳು ಬಾಯಿಯೊಳಗಿಡಿ. ಬೆಚ್ಚಗಿದ್ದು, ಮರಿ ಬೆರಳನ್ನು ಚೀಪಲು ನೋಡಿದರೆ ಅದು ಹಾಲಿಗೆ ತಯಾರು. ತಣ್ಣಗಿದ್ದರೆ ಇನ್ನೂ ಕಾಯಿರಿ.

ಗೂಡಿಗೆ ಎತ್ತರದ ಗೋಡೆಯ ರಟ್ಟಿನ ಡಬ್ಬ ಸಾಕು. ಕೆಳಗೆ ಟವೆಲ್, ಮೇಲೆ ಉಣ್ಣೆಯಂಥ ಮೆತ್ತನೆಯ ಬಟ್ಟೆ. ದಾರ ಎದ್ದು ಬರುವ ಬಟ್ಟೆ ಬೇಡ, ಉಗುರು ಸಿಕ್ಕಿಕೊಳ್ಳುತ್ತದೆ, ಕಾಲಿಗೆ ಸುತ್ತಿಕೊಳ್ಳುತ್ತದೆ. ಬಾಟಲಿಗೆ ಬಿಸಿನೀರು ತುಂಬಿ, ಎರಡು ಸುತ್ತು ಬಟ್ಟೆ ಸುತ್ತಿ, ಡಬ್ಬದ ಒಂದೇ ಬದಿಗೆ ಇಡಿ. ಒಂದೇ ಬದಿಗೆ ಎಂಬುದು ಮುಖ್ಯ. ಸೆಕೆಯಾದರೆ ಮರಿ ತೆವಳಿಕೊಂಡು ಆಚೆ ಹೋಗಲು ಜಾಗ ಬೇಕು. ಗೂಡಿನೊಳಗೆ ಮೊದಲ ವಾರ 30ರಿಂದ 32 ಡಿಗ್ರಿ, ಎರಡನೇ ವಾರ 27ರಿಂದ 29, ಆಮೇಲೆ 24ರಿಂದ 27ರ ಆಸುಪಾಸು ಇರಲಿ. ಎಲೆಕ್ಟ್ರಿಕ್ ಹೀಟಿಂಗ್ ಪ್ಯಾಡ್ ಇಡುವುದಾದರೆ ಕಡಿಮೆ ಬಿಸಿಯಲ್ಲಿಟ್ಟು, ದಪ್ಪ ಬಟ್ಟೆ ಹಾಸಿ, ಅರ್ಧ ಡಬ್ಬಕ್ಕೆ ಮಾತ್ರ. ನೇರ ತಾಗಿದರೆ ಆ ತೆಳು ಚರ್ಮ ಸುಟ್ಟೇ ಹೋಗುತ್ತದೆ.

ನೀರಿನ ಬಾಟಲಿ ತಣ್ಣಗಾದ ಮೇಲೆ ಅದೇ ಮರಿಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ರಾತ್ರಿ ಹಾಲಿಗೆ ಎದ್ದಾಗಲೆಲ್ಲ ನೀರು ಬದಲಿಸಿ.

ಒಂದೇ ಮರಿ ಇದ್ದರೆ ಒರಗಿಕೊಳ್ಳಲು ಮೆತ್ತನೆಯ ಬೊಂಬೆ ಇಡಿ. ಮರಿ ಅದರ ಕಂಕುಳಲ್ಲಿ ಮೂಗು ತೂರಿಸಿ ಮಲಗುವುದನ್ನು ನೋಡಿದರೆ ಅದಕ್ಕೆ ಏನು ಬೇಕಿತ್ತು ಎಂದು ತಿಳಿಯುತ್ತದೆ.

ಯಾವ ಹಾಲು?

ಹಸುವಿನ ಹಾಲು ಬೇಡ. ಬೆಕ್ಕಿನ ಹಾಲಿನಲ್ಲಿ ಪ್ರೋಟೀನ್, ಕೊಬ್ಬು ಎರಡೂ ಅದಕ್ಕಿಂತ ಜಾಸ್ತಿ. ಹಸುವಿನ ಹಾಲಿನ ಲ್ಯಾಕ್ಟೋಸ್ ಮರಿಗೆ ಒಗ್ಗದೆ ಬೇಧಿಯಾಗುತ್ತದೆ. 100 ಗ್ರಾಂ ತೂಕದ ಜೀವಕ್ಕೆ ಒಂದು ದಿನದ ಬೇಧಿ ಸಾಕು, ನೀರೆಲ್ಲ ಬಸಿದುಹೋಗುತ್ತದೆ. ಆಡಿನ ಹಾಲನ್ನು ಪರವಾಗಿಲ್ಲ ಎಂದು ಕೊಡುವವರಿದ್ದಾರೆ. ಅದನ್ನೇ ನಂಬಿ ದಿನಗಟ್ಟಲೆ ಸಾಕಿದರೆ ಮರಿ ಬೆಳೆಯುವುದಿಲ್ಲ. ಮನುಷ್ಯರ ಮಗುವಿನ ಹಾಲಿನ ಪುಡಿಯೂ ಆಗದು.

ಬೇಕಾಗಿರುವುದು ಬೆಕ್ಕಿನ ಮರಿಗಳಿಗೆಂದೇ ಮಾಡಿದ ಹಾಲಿನ ಪುಡಿ, ಕಿಟನ್ ಮಿಲ್ಕ್ ರಿಪ್ಲೇಸರ್. ಪೆಟ್ ಅಂಗಡಿಯಲ್ಲೋ ಪಶುವೈದ್ಯರ ಬಳಿಯೋ ಕೇಳಿ. ಡಬ್ಬದ ಮೇಲೆ ಬರೆದ ಅಳತೆಯಲ್ಲೇ ಕಲಸಿ. ಗಟ್ಟಿಯಾದರೆ ಮಲ ಕಟ್ಟುತ್ತದೆ, ನೀರಾದರೆ ಹೊಟ್ಟೆ ತುಂಬಿದರೂ ತೂಕ ಬರುವುದಿಲ್ಲ. ಕಲಸಿದ ಹಾಲನ್ನು ಫ್ರಿಜ್‌ನಲ್ಲಿಟ್ಟು 24 ಗಂಟೆಯೊಳಗೆ ಮುಗಿಸಿ. ಮರಿ ಕುಡಿದು ಬಿಟ್ಟದ್ದನ್ನು ಚೆಲ್ಲಿಬಿಡಿ, ಮತ್ತೆ ಬಿಸಿ ಮಾಡಬೇಡಿ. ಬಾಟಲಿ, ನಿಪ್ಪಲ್ ಪ್ರತಿ ಸಲ ತೊಳೆದು ಕುದಿಯುವ ನೀರಿಗೆ ಹಾಕಿ ತೆಗೆಯಿರಿ.

ಕುಡಿಸುವ ಬಗೆ

ಕೆಲಸದಲ್ಲಿ ಎಲ್ಲಕ್ಕಿಂತ ನಾಜೂಕಾದದ್ದು ಇದೇ. ಅವಸರ ಬೇಡ.

ಹಾಲಿನ ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ. ಮಣಿಕಟ್ಟಿನ ಒಳಬದಿಗೆ ಒಂದು ಹನಿ ಹಾಕಿ ನೋಡಿ, ಬಿಸಿಯೂ ಅಲ್ಲ, ತಣ್ಣಗೂ ಅಲ್ಲ ಅನ್ನಿಸಬೇಕು. ಮೈಕ್ರೋವೇವ್‌ನಲ್ಲಿ ಕಾಯಿಸಿದರೆ ಒಂದು ಕಡೆ ಕುದಿ, ಒಂದು ಕಡೆ ತಣ್ಣಗೆ ಇರುತ್ತದೆ, ಬಾಯಿ ಸುಡಬಹುದು. ನಿಪ್ಪಲಿನ ತೂತನ್ನೂ ನೋಡಿ. ಬಾಟಲಿ ತಲೆಕೆಳಗೆ ಹಿಡಿದರೆ ಹಾಲು ನಿಧಾನವಾಗಿ ಹನಿ ಹನಿಯಾಗಿ ಬೀಳಬೇಕು. ಧಾರೆಯಾಗಿ ಬಂದರೆ ಆ ನಿಪ್ಪಲ್ ಬೇಡ.

ಮರಿಯನ್ನು ಮಡಿಲಲ್ಲಿ ಟವೆಲ್ ಮೇಲೆ ಹೊಟ್ಟೆ ಕೆಳಗಾಗಿ ಮಲಗಿಸಿ. ತಾಯಿಯ ಮೊಲೆಗೆ ಬಾಯಿ ಹಾಕುವಾಗ ಹೇಗಿರುತ್ತದೋ ಹಾಗೆ. ತಲೆ ನೇರ, ಸ್ವಲ್ಪವೇ ಮೇಲಕ್ಕೆ. ಮಗುವನ್ನು ಮಲಗಿಸಿದಂತೆ ಬೆನ್ನ ಮೇಲೆ ಮಲಗಿಸಿ ಕುಡಿಸುವುದು ಬೇಡ. ನೋಡಲು ಮುದ್ದಾಗಿ ಕಾಣುತ್ತದೆ ನಿಜ. ಆದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ, ಅದರಿಂದ ಬರುವ ನ್ಯುಮೋನಿಯಾಕ್ಕೆ ಬಹಳ ಮರಿಗಳು ಸಾಯುತ್ತವೆ.

ಒಂದು ಕೈಯಿಂದ ತಲೆಯನ್ನು ಮೆಲ್ಲಗೆ ಹಿಡಿದು, ನಿಪ್ಪಲಿನ ತುದಿಯನ್ನು ತುಟಿಗೆ ತಾಗಿಸಿ ಒಂದು ಹನಿ ಹಾಲು ಹಚ್ಚಿ. ಬಾಯಿ ತೆರೆದಾಗ ಒಳಗಿಡಿ. ಮೊದಲ ಸಲ ತಲೆ ಆಚೀಚೆ ಅಲ್ಲಾಡಿಸಿ ಉಗುಳುತ್ತದೆ, ಬಿಟ್ಟು ಮತ್ತೆ ಪ್ರಯತ್ನಿಸಿ. ಸರಿಯಾಗಿ ಹಿಡಿದಾಗ ನಿಮಗೇ ಗೊತ್ತಾಗುತ್ತದೆ. ನಾಲಗೆ ದೋಣಿಯಂತೆ ಮಡಚಿ ನಿಪ್ಪಲನ್ನು ಸುತ್ತಿಕೊಳ್ಳುತ್ತದೆ. ಪ್ರತಿ ಗುಟುಕಿಗೂ ಆ ಚಿಕ್ಕ ಕಿವಿಗಳು ಹಿಂದೆ ಮುಂದೆ ಟಪಟಪ ಆಡುತ್ತವೆ. ಮುಂಗಾಲುಗಳು ನಿಮ್ಮ ಬೆರಳನ್ನೋ ಬಾಟಲಿಯನ್ನೋ ಒತ್ತಿ ಒತ್ತಿ ಬಿಡುತ್ತವೆ. ಕಿವಿ ಆಡುತ್ತಿದ್ದರೆ ಹಾಲು ಇಳಿಯುತ್ತಿದೆ ಎಂದು ಲೆಕ್ಕ.

ಬಾಟಲಿ ಒತ್ತಬೇಡಿ. ಮರಿ ಚೀಪಿದಷ್ಟೇ ಬರಲಿ. ಸಿರಿಂಜ್ ಬಳಸುವುದಾದರೆ 1 ಅಥವಾ 3 ಮಿ.ಲೀ.ಯದು, ಸೂಜಿ ಇಲ್ಲದ್ದು. ಒಂದೊಂದೇ ಹನಿ, ನುಂಗಿದ ಮೇಲೆ ಮುಂದಿನದು. ಮೂಗಿನಲ್ಲಿ ಹಾಲಿನ ಗುಳ್ಳೆ ಬಂದರೆ ತಕ್ಷಣ ನಿಲ್ಲಿಸಿ, ತಲೆ ಸ್ವಲ್ಪ ಕೆಳಗೆ ಬಾಗಿಸಿ ಮೂಗು ಒರೆಸಿ. ಮುಂದಿನ ಒಂದೆರಡು ದಿನ ಉಸಿರಿನಲ್ಲಿ ಗೊರಗೊರ ಶಬ್ದ ಕೇಳಿದರೆ, ಬಾಯಿ ತೆರೆದು ಉಸಿರಾಡಿದರೆ ಡಾಕ್ಟರ ಬಳಿ ಓಡಿ. ಚೀಪಲೂ ಶಕ್ತಿಯಿಲ್ಲದ, ನುಂಗದ ಮರಿಗೆ ಬಾಯಲ್ಲಿ ಹಾಲು ಸುರಿಯಲೇಬೇಡಿ. ಅಂಥದಕ್ಕೆ ನಳಿಕೆಯಿಂದ ಹೊಟ್ಟೆಗೆ ಹಾಲು ಕೊಡಬೇಕಾಗುತ್ತದೆ. ಅದನ್ನು ಬಲ್ಲವರಿಂದ ಕೈಹಿಡಿದು ಕಲಿಯಬೇಕೇ ಹೊರತು ಓದಿ ಮಾಡುವಂಥದ್ದಲ್ಲ.

ಅಳತೆಗೆ ಒಂದು ಸುಲಭ ಲೆಕ್ಕ ಇದೆ. 100 ಗ್ರಾಂ ತೂಕಕ್ಕೆ ಒಂದು ಸಲಕ್ಕೆ ಸುಮಾರು 4 ಮಿ.ಲೀ. ಹೊಟ್ಟೆ ಹಿಡಿಯುವುದೇ ಅಷ್ಟು. 200 ಗ್ರಾಂ ಮರಿಗೆ 8 ಮಿ.ಲೀ. ಇಡೀ ದಿನಕ್ಕೆ ಎಷ್ಟು ಎಂಬುದು ಡಬ್ಬದ ಮೇಲೆ ತೂಕದ ಪ್ರಕಾರ ಬರೆದಿರುತ್ತದೆ, ಅದನ್ನು ಸಲಗಳಿಗೆ ಹಂಚಿಕೊಳ್ಳಿ. ಮೊದಲ ವಾರ 2ರಿಂದ 3 ಗಂಟೆಗೊಮ್ಮೆ, ರಾತ್ರಿಯೂ. ಎರಡನೇ ವಾರ 3ರಿಂದ 4 ಗಂಟೆ, ಮೂರನೆಯದರಲ್ಲಿ 4ರಿಂದ 5, ನಾಲ್ಕನೆಯದರಲ್ಲಿ 5ರಿಂದ 6 ಗಂಟೆಗೊಮ್ಮೆ. ಮೊದಲ ಎರಡು ವಾರ ನಿಮಗೆ ನಿದ್ದೆ ಇರುವುದಿಲ್ಲ. ಮನೆಯಲ್ಲಿ ಇನ್ನೊಬ್ಬರ ಜೊತೆ ಪಾಳಿ ಹಾಕಿಕೊಳ್ಳಿ. ನಿದ್ದೆಗಣ್ಣಿನಲ್ಲಿ ಕುಡಿಸುವಾಗಲೇ ಕೈ ತಪ್ಪುವುದು.

ಇನ್ನೂ ಬೇಕು ಎಂದು ಕೂಗುತ್ತಿದೆ ಅಂತ ಜಾಸ್ತಿ ಕೊಡಬೇಡಿ. ಕುಡಿದ ಮೇಲೆ ಹೊಟ್ಟೆ ದುಂಡಗಿರಬೇಕು, ಬಿಗಿದ ತಮಟೆಯಂತಿರಬಾರದು. ಸ್ವಲ್ಪ ಕಡಿಮೆಯಾದರೆ ಮುಂದಿನ ಸಲ ಸರಿಮಾಡಬಹುದು, ಜಾಸ್ತಿಯಾದದ್ದನ್ನು ವಾಪಸ್ ತೆಗೆಯಲಾಗದು. ಕೊನೆಗೆ ಭುಜಕ್ಕೆ ಒರಗಿಸಿಕೊಂಡು ಎರಡು ಬೆರಳಿಂದ ಬೆನ್ನು ಮೆಲ್ಲಗೆ ತಟ್ಟಿ ತೇಗಿಸಿ.

ಉಚ್ಚೆ, ಕಕ್ಕ

ಹೊಸಬರಿಗೆ ಯಾರೂ ಹೇಳದೆ ಉಳಿಯುವ ವಿಷಯ ಇದು. ಮೂರು ವಾರದವರೆಗೆ ಮರಿ ತಾನಾಗಿ ಉಚ್ಚೆ ಹೊಯ್ಯುವುದಿಲ್ಲ. ತಾಯಿ ನೆಕ್ಕಿ ನೆಕ್ಕಿ ಮಾಡಿಸುತ್ತದೆ. ನೀವು ಮಾಡಿಸದಿದ್ದರೆ ಒಳಗೇ ಕಟ್ಟಿಕೊಂಡು ಮರಿ ಸಾಯಬಹುದು.

ಮೆತ್ತನೆಯ ಬಟ್ಟೆಯನ್ನೋ ಹತ್ತಿಯನ್ನೋ ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿ, ಬಾಲದ ಕೆಳಗೆ ಸಣ್ಣಗೆ ತಟ್ಟಿದಂತೆ, ಸವರಿದಂತೆ ಒರೆಸಿ. ಉಜ್ಜಬೇಡಿ, ಚರ್ಮ ಕೆಂಪಾಗುತ್ತದೆ. ಕೆಲವು ಸೆಕೆಂಡಿನಲ್ಲೇ ಬಟ್ಟೆ ಬೆಚ್ಚಗಾಗಿ ಹಳದಿಯಾಗುವುದು ಕಾಣುತ್ತದೆ. ಪೂರ್ತಿ ನಿಲ್ಲುವವರೆಗೆ ಬಿಡಬೇಡಿ. ಪ್ರತಿ ಸಲ ಹಾಲಿಗೆ ಮುಂಚೆಯೋ ಆಮೇಲೆಯೋ ಇದನ್ನು ಮಾಡಿಸಿ. ನಾನು ಮುಂಚೆ ಮಾಡಿಸುತ್ತೇನೆ. ಹೊಟ್ಟೆ ಹಗುರಾದ ಮರಿ ಚೆನ್ನಾಗಿ ಕುಡಿಯುತ್ತದೆ, ಕುಡಿದು ಹಾಗೇ ಮಲಗುತ್ತದೆ.

ಉಚ್ಚೆ ತಿಳಿ ಹಳದಿ ಇರಬೇಕು. ಗಾಢವಾದರೆ ನೀರು ಸಾಲುತ್ತಿಲ್ಲ. ಹಾಲು ಕುಡಿಯುವ ಮರಿಯ ಮಲ ಸಾಸಿವೆ ಬಣ್ಣಕ್ಕಿದ್ದು ಟೂತ್‌ಪೇಸ್ಟಿನಷ್ಟು ಮೆತ್ತಗಿರುತ್ತದೆ. ದಿನಕ್ಕೊಮ್ಮೆ ಬಂದರೂ ಸಾಕು. ಎರಡು ದಿನ ಬಾರದೆ ಹೊಟ್ಟೆ ಬಿಗಿದಿದ್ದರೆ, ಅಥವಾ ನೀರಿನಂತೆ ಹೋದರೆ, ಬಿಳಿಯಾಗಿ ಹೋದರೆ ಡಾಕ್ಟರಿಗೆ ತೋರಿಸಿ.

ಮೈ ಕೊಳೆಯಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಕೂಡಲೇ ಒಣಗಿಸಿ. ಗದ್ದದ ಕೆಳಗೆ ಹಾಲು ಒಣಗಿ ಗಂಟಾಗುತ್ತದೆ, ಅಲ್ಲಿ ತಪ್ಪದೆ ನೋಡಿ. ಇನ್ನೊಂದು ಮಾತು. ಜೊತೆಯ ಮರಿಗಳು ಹಾಲೆಂದು ಒಂದರ ಬಾಲದಡಿ ಒಂದು ಚೀಪುವುದುಂಟು. ಅಲ್ಲಿ ಊದಿದ್ದು, ಕೆಂಪಾಗಿದ್ದು ಕಂಡರೆ ಕೆಲವು ದಿನ ಬೇರೆ ಬೇರೆ ಡಬ್ಬದಲ್ಲಿಡಿ.

ತೂಕ ನೋಡಿ, ಬರೆದಿಡಿ

ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ ಸಾಕು. ದಿನಾ ಒಂದೇ ಹೊತ್ತಿಗೆ, ಹಾಲು ಕೊಡುವ ಮುಂಚೆ ತೂಗಿ. ದಿನಕ್ಕೆ 10ರಿಂದ 15 ಗ್ರಾಂ ಏರಬೇಕು. ಎರಡು ವಾರದ ಹೊತ್ತಿಗೆ ಹುಟ್ಟಿದಾಗಿನ ಎರಡು ಪಟ್ಟು ಆಗಿರಬೇಕು. ಒಂದು ದಿನ ತೂಕ ನಿಂತರೆ ಎಚ್ಚರವಾಗಿರಿ, ಇಳಿದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಮರಿ ಆಡಿಕೊಂಡಿದೆಯಲ್ಲ ಎಂದು ಸುಮ್ನೆ ಕೂರಬೇಡಿ. ಕಾಯಿಲೆ ಕಣ್ಣಿಗೆ ಕಾಣುವ ಮುಂಚೆ ತಕ್ಕಡಿಗೆ ಕಾಣುತ್ತದೆ. ಮರಿಗಳು ಎರಡು ಮೂರಿದ್ದರೆ ಗುರುತಿಗೆ ಒಂದೊಂದರ ಉಗುರಿಗೆ ಬೇರೆ ಬಣ್ಣ ಹಚ್ಚುವವರಿದ್ದಾರೆ. ನನಗೆ ಅದು ಇಷ್ಟವಿಲ್ಲ, ಮರಿಗಳು ಎಲ್ಲವನ್ನೂ ಚೀಪುತ್ತವೆ. ಮೈಯ ಮಚ್ಚೆ ನೋಡಿಯೇ ಹೆಸರಿಡಿ.

ಒಮ್ಮೆಗೇ ಕುಸಿದರೆ

ಚೆನ್ನಾಗಿದ್ದ ಮರಿ ಗಂಟೆಯೊಳಗೆ ಬಟ್ಟೆಯಂತೆ ಜೋತುಬೀಳಬಹುದು. ಮೈ ತಣ್ಣಗೆ, ವಸಡು ಬಿಳಿಚು, ಬಾಯಿ ತೆರೆದು ಉಸಿರು. ಸಾಮಾನ್ಯವಾಗಿ ಇದರ ಹಿಂದೆ ಚಳಿ, ರಕ್ತದಲ್ಲಿ ಸಕ್ಕರೆ ಇಳಿದದ್ದು, ಇಲ್ಲವೇ ಸೋಂಕು ಇರುತ್ತದೆ. ಹಾಲು ಕೊಡಬೇಡಿ. ಮೈಗೆ ಒತ್ತಿಕೊಂಡು ಕಾವು ಕೊಡಿ. ಸಕ್ಕರೆಯನ್ನು ಬೆಚ್ಚಗಿನ ನೀರಿನಲ್ಲಿ ಗಟ್ಟಿಯಾಗಿ ಕರಗಿಸಿ, ಬೆರಳ ತುದಿಯಿಂದ ವಸಡಿಗೆ ಒಂದೆರಡು ಹನಿ ಸವರಿ. ಸುರಿಯಬೇಡಿ, ಸವರಿ. ಹೀಗೆ ಮಾಡುತ್ತಲೇ ಡಾಕ್ಟರ ಕಡೆ ಹೊರಡಿ, ದಾರಿಯಲ್ಲೂ ಮರಿ ನಿಮ್ಮ ಮೈಗೆ ತಾಗಿಯೇ ಇರಲಿ.

ಎಲ್ಲವನ್ನೂ ಸರಿಯಾಗಿ ಮಾಡಿದರೂ ಕೆಲವು ಮರಿಗಳು ಉಳಿಯುವುದಿಲ್ಲ. ತಾಯಿಯ ಮೊದಲ ಹಾಲು, ಅಂದರೆ ಗಿಣ್ಣು ಹಾಲು, ಸಿಗದ ಮರಿಗೆ ರೋಗ ತಡೆಯುವ ಶಕ್ತಿ ಕಡಿಮೆ. ಹುಟ್ಟಿದ ಮೊದಲ ದಿನದೊಳಗೆ ಹೊಟ್ಟೆಗೆ ಹೋದರೆ ಮಾತ್ರ ಆ ಶಕ್ತಿ ಮೈಗೆ ಹತ್ತುತ್ತದೆ. ಹೀಗಾಗಿ ಒಂದು ಮರಿ ಹೋದಾಗ ನಿಮ್ಮ ಕೈಯನ್ನು ನೀವೇ ಬೈದುಕೊಳ್ಳಬೇಡಿ. ಉಳಿದ ಮರಿಗಳಿಗೆ ಆ ಕೈ ಬೇಕು.

ಚಿಗಟ, ಜಂತು, ಮನೆಯ ಉಳಿದವರು

ಚಿಗಟ ಜಾಸ್ತಿಯಿದ್ದರೆ ಮರಿಯ ರಕ್ತವನ್ನೇ ಹೀರಿ ಬಿಳಿಚಿಸಿಬಿಡುತ್ತವೆ. ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ, ಸಿಕ್ಕಿದ್ದನ್ನು ಸೋಪಿನ ನೀರಿಗೆ ಹಾಕಿ. ಔಷಧ ಸಿಂಪಡಿಸಬೇಡಿ. ಅದರಲ್ಲೂ ನಾಯಿಗೆ ಹಾಕುವ ಪರ್ಮೆಥ್ರಿನ್ ಇರುವ ಔಷಧ ಬೆಕ್ಕಿಗೆ ವಿಷ. ಮರಿಯಿರುವ ಜಾಗವನ್ನು ಫಿನೈಲಿನಿಂದ ಒರೆಸುವುದೂ ಬೇಡ, ಅದನ್ನು ತಡೆದುಕೊಳ್ಳುವ ಶಕ್ತಿ ಬೆಕ್ಕಿನ ಮೈಗಿಲ್ಲ.

ಜಂತಿನ ಔಷಧ ಎರಡು ವಾರದಿಂದಲೇ ಶುರುವಾಗುತ್ತದೆ, ಅಳತೆ ಡಾಕ್ಟರೇ ತೂಕ ನೋಡಿ ಹೇಳಲಿ. ಲಸಿಕೆ 6ರಿಂದ 8 ವಾರಕ್ಕೆ. ಮನೆಯಲ್ಲಿ ಬೇರೆ ಬೆಕ್ಕಿದ್ದರೆ ಕನಿಷ್ಠ ಎರಡು ವಾರ ದೂರವಿಡಿ, ಮರಿ ಮುಟ್ಟಿದ ಮೇಲೆ ಕೈ ತೊಳೆಯಿರಿ.

ಬಾಟಲಿ ಬಿಡಿಸುವುದು

ನಾಲ್ಕನೇ ವಾರದ ಹೊತ್ತಿಗೆ ಮರಿ ನಿಪ್ಪಲನ್ನು ಚೀಪುವುದು ಬಿಟ್ಟು ಕಚ್ಚತೊಡಗುತ್ತದೆ. ತುದಿ ಕಿತ್ತು ನುಂಗಿಬಿಟ್ಟೀತು, ಪ್ರತಿ ಸಲ ನೋಡಿಕೊಳ್ಳಿ. ಇದೇ ಊಟ ಶುರುಮಾಡುವ ಸೂಚನೆ. ಮರಿಗಳ ವೆಟ್ ಫುಡ್ಡನ್ನು, ಅಂದರೆ ಅವುಗಳಿಗೆಂದೇ ಮಾಡಿದ ಮೆತ್ತನೆಯ ಒದ್ದೆ ಊಟವನ್ನು, ಅದೇ ಹಾಲಿನಲ್ಲಿ ಗಂಜಿಯಂತೆ ಕಲಸಿ, ಅಗಲ ತಟ್ಟೆಯಲ್ಲಿಡಿ. ಬೆರಳಲ್ಲಿ ಸ್ವಲ್ಪ ತೆಗೆದು ತುಟಿಗೆ ಹಚ್ಚಿ. ಮೊದಲ ದಿನ ಅದರೊಳಗೆ ನಡೆದಾಡಿ, ಮೂಗು ಮುಳುಗಿಸಿ, ಮೈಯೆಲ್ಲ ಬಳಿದುಕೊಳ್ಳುತ್ತದೆ. ಹಾಗೇ ಕಲಿಯುವುದು. ಒರೆಸಿ ಒಣಗಿಸಿ, ಹೊಟ್ಟೆ ತುಂಬದಿದ್ದರೆ ಬಾಟಲಿ ಕೊಡಿ. ದಿನ ಕಳೆದಂತೆ ಗಂಜಿ ಗಟ್ಟಿ ಮಾಡುತ್ತಾ, ಬಾಟಲಿಯ ಸಲಗಳನ್ನು ಒಂದೊಂದಾಗಿ ಕಡಿಮೆ ಮಾಡಿ. ಪಕ್ಕದಲ್ಲಿ ನೀರಿಡಿ, ಬಟ್ಟಲು ಮರಿ ಮುಳುಗುವಷ್ಟು ಆಳ ಬೇಡ.

ಇದೇ ಹೊತ್ತಿಗೆ ತಗ್ಗಿನ ಟ್ರೇಯಲ್ಲಿ ಲಿಟರ್, ಅಂದರೆ ಬೆಕ್ಕು ಉಚ್ಚೆ, ಕಕ್ಕ ಮಾಡಲು ಹಾಕುವ ಮರಳಿನಂಥದ್ದು, ಹಾಕಿಡಿ. ಒದ್ದೆಯಾದರೆ ಉಂಡೆ ಕಟ್ಟುವ ಬಗೆಯದು ಬೇಡ, ಮರಿ ತಿಂದು ಹೊಟ್ಟೆಯಲ್ಲಿ ಕಟ್ಟಿಕೊಳ್ಳುತ್ತದೆ. ಊಟವಾದ ಕೂಡಲೇ ಟ್ರೇಯಲ್ಲಿ ಬಿಡಿ. ಒರೆಸಿದ ಹತ್ತಿಯ ತುಂಡೊಂದನ್ನು ಅದರಲ್ಲಿಟ್ಟರೆ ವಾಸನೆ ಹಿಡಿದು ಬೇಗ ಕಲಿಯುತ್ತದೆ.

ಎರಡರಿಂದ ಏಳು ವಾರದವರೆಗೆ ಮರಿ ಜನರನ್ನು, ಸದ್ದುಗಳನ್ನು ಪರಿಚಯ ಮಾಡಿಕೊಳ್ಳುವ ಕಾಲ. ಮನೆಯವರೆಲ್ಲ ದಿನಾ ಸ್ವಲ್ಪ ಹೊತ್ತು ಎತ್ತಿಕೊಳ್ಳಲಿ, ಮಾತಾಡಿಸಲಿ. ಬರಿಗೈ ಬೆರಳು ಕಚ್ಚಿಸಿ ಆಡಿಸಬೇಡಿ, ಆಟಕ್ಕೆ ದಾರ ಕಟ್ಟಿದ ಬಟ್ಟೆ ಕೊಡಿ, ಆಡಿಸಿದ ಮೇಲೆ ದಾರ ಎತ್ತಿಡಿ. ಒಂಟಿ ಮರಿಗೆ ಕಚ್ಚಿದರೆ ನೋವಾಗುತ್ತದೆ ಎಂದು ಕಲಿಸಲು ಒಡಹುಟ್ಟಿದವರಿಲ್ಲ. ಅದಕ್ಕೇ, ಅದೇ ವಯಸ್ಸಿನ, ಆರೋಗ್ಯವಾಗಿರುವ ಇನ್ನೊಂದು ಮರಿ ಎಲ್ಲಾದರೂ ಸಿಕ್ಕರೆ ಜೊತೆಗೆ ಬಿಡಿ.

ಎಂಟು ವಾರಕ್ಕೆ ಸುಮಾರು 900 ಗ್ರಾಂನಿಂದ ಒಂದು ಕಿಲೋ ತೂಗುತ್ತದೆ, ತಾನೇ ತಿನ್ನುತ್ತದೆ, ತಾನೇ ಟ್ರೇಗೆ ಹೋಗುತ್ತದೆ. ಬೇರೆ ಮನೆಗೆ ಕೊಡುವುದಾದರೆ ಅಲ್ಲಿಯವರೆಗೆ ಕಾಯಿರಿ, ಅದಕ್ಕೂ ಮುಂಚೆ ಬೇಡ. ಕೊಡುವಾಗ ತೂಕ ಬರೆದಿಟ್ಟ ಪುಸ್ತಕ, ಜಂತಿನ ಔಷಧ ಮತ್ತು ಲಸಿಕೆಯ ತಾರೀಖು, ತಿನ್ನುತ್ತಿರುವ ಊಟದ ಸ್ವಲ್ಪ ಪಾಲು, ಗೂಡಿನಲ್ಲಿ ಹಾಸಿದ್ದ ಬಟ್ಟೆ, ಇಷ್ಟನ್ನೂ ಜೊತೆಗೆ ಕಳಿಸಿ. ಆ ಬಟ್ಟೆಯನ್ನು ಮಾತ್ರ ಒಗೆಯಬೇಡಿ. ಹೊಸ ಮನೆಯಲ್ಲಿ ಮೊದಲ ರಾತ್ರಿ ಅದರ ಮೇಲೇ ಮಲಗುತ್ತದೆ.